ಗೊತ್ತಿರಲಿಲ್ಲ ಎಂಬ ಮಾತು

ನಗರದಡಿಯಲ್ಲಿ ಮೆಟ್ರೊ ಸುರಂಗ ಕೊರೆಯುವಾಗ ಏನಾದರೂ ಅವಘಡವಾದರೆ, ಮರುದಿನದ ಹೇಳಿಕೆಯಲ್ಲಿ ಒಂದು ಮಾತು ಬಹುಮಟ್ಟಿಗೆ ಇದ್ದೇ ಇರುತ್ತದೆ: ನೆಲದ ಸ್ಥಿತಿ ಅನಿರೀಕ್ಷಿತವಾಗಿತ್ತು. ಊರು ಯಾವುದೇ ಇರಲಿ, ಕೆಲಸ ಮಾಡಿಸುತ್ತಿರುವವರು ಯಾರೇ ಇರಲಿ, ಮಾತು ಅದೇ. ಇದು ಶುದ್ಧ ಸುಳ್ಳಾಗಿದ್ದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು, ಸುಳ್ಳು ಹೇಳಿದವರನ್ನು ಹಿಡಿದರೆ ಸಾಕಿತ್ತು. ತೊಡಕಿರುವುದು ಅದು ನಿಜವಾಗಿದ್ದಾಗ. ನೆಲದೊಳಗೆ ಆ ಜಾಗದಲ್ಲಿ ಏನಿದೆ ಎಂದು ನಿಜಕ್ಕೂ ಯಾರಿಗೂ ಗೊತ್ತಿರಲಿಲ್ಲ ಎನ್ನೋಣ. ಆಗ ಬಿದ್ದ ಮನೆಗೆ ಹೊಣೆ ಯಾರು? ಗೊತ್ತಿಲ್ಲದೆ ಮಾಡಿದ್ದು ತಪ್ಪಲ್ಲ ಎಂದು ಬಿಡಬೇಕೆ? ಅಥವಾ ಗೊತ್ತಿಲ್ಲ ಎಂಬುದು ಚೆನ್ನಾಗಿ ಗೊತ್ತಿದ್ದೂ ಕೆಲಸಕ್ಕೆ ಇಳಿದದ್ದರಲ್ಲೇ ಒಂದು ಹೊಣೆ ಹುಟ್ಟಿಕೊಂಡಿತೆ?

ಕೋಲ್ಕತ್ತದ ಬೌಬಜಾರಿನಲ್ಲಿ ಆದದ್ದನ್ನು ನೋಡಬಹುದು. ಹೌರಾದಿಂದ ಸಾಲ್ಟ್ ಲೇಕ್‌ವರೆಗಿನ ಪೂರ್ವ-ಪಶ್ಚಿಮ ಮೆಟ್ರೊ ಮಾರ್ಗ ಹೂಗ್ಲಿ ನದಿಯ ಅಡಿಯಲ್ಲಿ ಹಾದುಹೋಗುತ್ತದೆ. ಎಲ್ಲರ ಕಣ್ಣೂ ಆ ನದಿಯ ಮೇಲಿತ್ತು. ಭಾರತದಲ್ಲಿ ಅಲ್ಲಿಯವರೆಗೆ ಯಾರೂ ಮೆಟ್ರೊಗಾಗಿ ನದಿಯಡಿ ಸುರಂಗ ಕೊರೆದಿರಲಿಲ್ಲ. ಸುಮಾರು ಅರ್ಧ ಕಿಲೋಮೀಟರಿನ ಆ ಭಾಗ 2017ರಲ್ಲಿ ಸುಸೂತ್ರವಾಗಿ ಮುಗಿಯಿತು. ಆಪತ್ತು ಬಂದದ್ದು ನದಿ ದಾಟಿದ ಎರಡು ವರ್ಷದ ಮೇಲೆ, ಅಕ್ಕಸಾಲಿಗರ ಅಂಗಡಿಗಳೂ ಹಳೆಯ ಮನೆಗಳೂ ಒಂದಕ್ಕೊಂದು ಒರಗಿಕೊಂಡು ನಿಂತ ಓಣಿಗಳ ಕೆಳಗೆ. 2019ರ ಆಗಸ್ಟ್ 31ರಂದು ‘ಚಂಡಿ’ ಎಂಬ ಹೆಸರಿನ ಸುರಂಗ ಯಂತ್ರ ನೀರು ತುಂಬಿದ ಮಣ್ಣಿನ ಪದರಕ್ಕೆ ಸಿಕ್ಕಿತು. ನೀರು ಸುರಂಗದೊಳಕ್ಕೆ ನುಗ್ಗಿತು.

ಬರೀ ನೀರು ಬಂದಿದ್ದರೆ ಪಂಪು ಹಾಕಿ ಹೊರಗೆ ಹಾಕಬಹುದು. ಗಂಗೆಯ ಮುಖಜಭೂಮಿಯ ನೆಲ ಅಂಥದ್ದಲ್ಲ. ಅಲ್ಲಿ ಜೇಡಿ, ಹೂಳು, ನಯವಾದ ಮರಳು ಪದರಪದರವಾಗಿ ಕೂತಿವೆ, ಸ್ವಲ್ಪ ತೋಡಿದರೆ ನೀರು. ಹತ್ತು ಮೀಟರ್ ಇಳಿದರೆ ನೀರಿನ ಒತ್ತಡ ಒಂದು ವಾತಾವರಣದಷ್ಟು ಹೆಚ್ಚುತ್ತದೆ. ಆ ಒತ್ತಡದಲ್ಲಿ ಒಂದು ಸಣ್ಣ ಸಂದು ಸಿಕ್ಕರೂ ನೀರು ತನ್ನ ಜೊತೆಗೆ ಮರಳನ್ನು ಎಳೆದು ತರುತ್ತದೆ. ಒಳಗೆ ಬಂದ ಪ್ರತಿ ಗಾಡಿ ಮರಳೂ ಮೇಲಿನ ಯಾವುದೋ ಮನೆಯ ಪಾಯದಡಿಯಿಂದ ಕಡಿಮೆಯಾದದ್ದು. ದುರ್ಗಾ ಪಿಥುರಿ ಲೇನ್, ಸ್ಯಾಕ್ರಾ ಪಾರಾ ಲೇನ್, ಗೌರ್ ದೇ ಲೇನ್‌ಗಳಲ್ಲಿ ಗೋಡೆಗಳು ಬಿರಿದವು, ಕೆಲವು ಮನೆಗಳು ಕುಸಿದವು, ಇನ್ನು ಕೆಲವನ್ನು ಕೆಡವಬೇಕಾಯಿತು. ನೂರಾರು ಜನ ಕೈಗೆ ಸಿಕ್ಕ ಸಾಮಾನು ಹಿಡಿದು ಹೊರಗೆ ಬಂದು ಹೋಟೆಲುಗಳಲ್ಲಿ ಉಳಿದರು. ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಎಂದಾಯಿತು. ಹೈಕೋರ್ಟು ಕೆಲಸ ನಿಲ್ಲಿಸಿತು, ಮುಂದಿನ ವರ್ಷ ಅನುಮತಿ ಕೊಟ್ಟಿತು. ಚಂಡಿ ಹೂತಲ್ಲೇ ಉಳಿಯಿತು. ಅದು ಬಿಟ್ಟ ಭಾಗವನ್ನು ಜೊತೆಯ ಯಂತ್ರ ‘ಊರ್ವಿ’ ಆಚೆ ಕಡೆಯಿಂದ ಬಂದು ಕೊರೆಯಿತು. ಉಳಿದದ್ದನ್ನು ಜೋಡಿಸುವ ಕೆಲಸದಲ್ಲಿ 2022ರ ಮೇ ತಿಂಗಳಲ್ಲಿ ಮತ್ತೆ ನೀರು, ಮತ್ತೆ ಬಿರುಕು. ಅದೇ ವರ್ಷ ಅಕ್ಟೋಬರಿನಲ್ಲಿ ಪಕ್ಕದ ಮದನ್ ದತ್ತಾ ಲೇನಿನಲ್ಲಿ ಮೂರನೆಯ ಸಲ.

ಮೊದಲ ಸಲ ‘ಗೊತ್ತಿರಲಿಲ್ಲ’ ಎಂದದ್ದನ್ನು ನಂಬೋಣ. ಮೂರನೆಯ ಸಲವೂ ಅದೇ ಮಾತಿಗೆ ಅದೇ ತೂಕ ಇರುತ್ತದೆಯೆ?

ಇಲ್ಲಿ ನ್ಯಾಯವಾಗಿ ಎಂಜಿನಿಯರರ ಕಡೆಯ ಮಾತನ್ನೂ ಕೇಳಬೇಕು. ನೆಲವನ್ನು ತಿಳಿಯುವುದು ಎಷ್ಟು ಕಷ್ಟ ಎಂದು ಹೊರಗಿನವರಿಗೆ ಅಂದಾಜಿರುವುದಿಲ್ಲ. ಸುರಂಗದ ದಾರಿಯುದ್ದಕ್ಕೂ 50 ಮೀಟರಿಗೊಂದರಂತೆ ತೂತು ಕೊರೆದು ಮಣ್ಣು, ಕಲ್ಲು ತೆಗೆದು ನೋಡಿದರು ಎಂದುಕೊಳ್ಳಿ. ತೆಗೆಯುವ ಮಾದರಿಯ ದಪ್ಪ ಐದೂವರೆ ಸೆಂಟಿಮೀಟರ್. ಸುರಂಗದ ಅಡ್ಡಳತೆ ಆರೂವರೆ ಮೀಟರ್. ಲೆಕ್ಕ ಹಾಕಿದರೆ, ಯಂತ್ರ ಅಗೆಯಲಿರುವ ಮಣ್ಣಿನಲ್ಲಿ ಮನುಷ್ಯರು ಮೊದಲೇ ಕಣ್ಣಿಂದ ಕಂಡದ್ದು ಲಕ್ಷದಲ್ಲಿ ಒಂದು ಪಾಲಿಗಿಂತ ತುಸು ಕಡಿಮೆ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡುತ್ತೇವೆ. ಅದು ನಡೆಯುವುದು ಪಾತ್ರೆಯ ಅಗುಳೆಲ್ಲ ಒಂದೇ ನೀರಿನಲ್ಲಿ ಒಂದೇ ಬೆಂಕಿಯಲ್ಲಿ ಬೆಂದದ್ದರಿಂದ. ನೆಲ ಹಾಗೆ ಬೆಂದದ್ದಲ್ಲ. ಎರಡು ತೂತುಗಳ ನಡುವೆ ಹಳೆಯ ಹಳ್ಳದ ಪಾತ್ರವೊಂದು ಮುಚ್ಚಿಹೋಗಿರಬಹುದು, ಮನೆಯಷ್ಟು ದೊಡ್ಡ ಬಂಡೆಯಿರಬಹುದು. ಇಕ್ಕಟ್ಟಾದ ಹಳೆ ಪೇಟೆಯಲ್ಲಿ ಬೇಕಾದಲ್ಲಿ ತೂತು ಕೊರೆಯಲು ಜಾಗವೂ ಸಿಗುವುದಿಲ್ಲ. ಮೇಲೆ ಮನೆಗಳು ಎಲ್ಲಿ ಹೆಚ್ಚು ದಟ್ಟವಾಗಿವೆಯೋ, ಎಲ್ಲಿ ತಿಳಿವಳಿಕೆ ಎಲ್ಲಕ್ಕಿಂತ ಹೆಚ್ಚು ಬೇಕೋ, ಅಲ್ಲೇ ತಿಳಿಯುವ ದಾರಿ ಎಲ್ಲಕ್ಕಿಂತ ಕಿರಿದು.

ಹೀಗಿರುವಾಗ ಗೊತ್ತಿಲ್ಲದಿರುವುದನ್ನು ತಪ್ಪು ಎಂದು ಹೇಗೆ ಅನ್ನುವುದು? ಮಹಾಭಾರತದ ಮಾಂಡವ್ಯನ ಕಥೆ ಇದಕ್ಕೆ ಹತ್ತಿರದ್ದು. ಮಾಡದ ಕಳ್ಳತನಕ್ಕಾಗಿ ಶೂಲಕ್ಕೇರಿದ ಋಷಿ, ತನಗೇಕೆ ಈ ಶಿಕ್ಷೆ ಎಂದು ಧರ್ಮರಾಯನ ಬಳಿಗೆ ಹೋಗಿ ಕೇಳುತ್ತಾನೆ. ಬಾಲ್ಯದಲ್ಲಿ ನೀನು ಹುಳುಗಳನ್ನು ಹುಲ್ಲುಕಡ್ಡಿಯಿಂದ ಚುಚ್ಚಿದ್ದೆ ಎಂಬ ಉತ್ತರ ಬರುತ್ತದೆ. ಮಾಂಡವ್ಯ ಸುಮ್ಮನಾಗುವುದಿಲ್ಲ. ತಿಳಿಯದ ವಯಸ್ಸಿನಲ್ಲಿ ಮಾಡಿದ್ದಕ್ಕೆ ಇಷ್ಟು ದೊಡ್ಡ ದಂಡವೇ ಎಂದು ಧರ್ಮನಿಗೇ ಶಾಪ ಕೊಟ್ಟು, ಹದಿನಾಲ್ಕು ವರ್ಷದವರೆಗೆ ಮಾಡಿದ್ದು ಪಾಪವಲ್ಲ ಎಂದು ಮರ್ಯಾದೆ ಹಾಕುತ್ತಾನೆ. ಅಜ್ಞಾನಕ್ಕೆ ಮಾಫಿ ಇರಬೇಕು ಎಂದು ಧರ್ಮದೇವತೆಯ ಎದುರು ನಿಂತು ವಾದಿಸಿ ಗೆದ್ದ ಕಥೆ ಅದು. ಆದರೆ ಆ ಮಾಫಿಗೆ ಒಂದು ವಯಸ್ಸಿನ ಗೆರೆಯಿದೆ ಎನ್ನುವುದನ್ನು ಮರೆಯಬಾರದು. ಹದಿನಾಲ್ಕು ದಾಟಿದವನು ‘ನನಗೆ ಗೊತ್ತಿರಲಿಲ್ಲ’ ಎಂದರೆ ಯಾಕೆ ಗೊತ್ತುಮಾಡಿಕೊಳ್ಳಲಿಲ್ಲ ಎಂದು ಕೇಳಬಹುದು. ಸಾವಿರಾರು ಕೋಟಿಯ ಯೋಜನೆ ಕೈಗೆತ್ತಿಕೊಂಡವರನ್ನು ಆ ಗೆರೆಯ ಈಚೆಗೆ ಎಳೆದು ಮಗುವೆಂದು ಕೂರಿಸಲು ಬರುವುದಿಲ್ಲ.

ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ 1877ರಲ್ಲಿ ನಂಬಿಕೆಯ ನೀತಿಯ ಬಗ್ಗೆ ಬರೆದ ಪ್ರಬಂಧದಲ್ಲಿ ಒಬ್ಬ ಹಡಗಿನ ಒಡೆಯ ಬರುತ್ತಾನೆ. ಹಡಗು ಹಳತು. ರಿಪೇರಿ ಬೇಕೇನೋ ಎಂಬ ಅನುಮಾನ ಅವನಿಗೆ ಬಂದಿರುತ್ತದೆ. ಇಷ್ಟು ವರ್ಷ ಎಷ್ಟೋ ಬಿರುಗಾಳಿ ದಾಟಿದೆಯಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು, ಕೊನೆಗೆ ಪ್ರಾಮಾಣಿಕವಾಗಿಯೇ ನಂಬಿ, ಜನರನ್ನು ತುಂಬಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಅವನ ನಂಬಿಕೆ ನಿಜವಾದದ್ದೇ, ಆದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ ಎನ್ನುತ್ತಾನೆ ಕ್ಲಿಫರ್ಡ್. ಹಡಗು ಮುಳುಗದೆ ದಡ ಸೇರಿದ್ದರೂ ತಪ್ಪು ಅಷ್ಟೇ ಎಂದೂ ಸೇರಿಸುತ್ತಾನೆ. ನನಗೆ ಈ ಎರಡನೆಯ ಮಾತು ಮೊದಲನೆಯದಕ್ಕಿಂತ ಮುಖ್ಯವೆನಿಸುತ್ತದೆ. ಕುಸಿತವಾದ ಸುರಂಗಗಳನ್ನು ಮಾತ್ರ ನಾವು ವಿಚಾರಿಸುತ್ತೇವೆ. ಅದೃಷ್ಟದಿಂದ ಮುಗಿದ ಸುರಂಗಕ್ಕೆ ಹಾರ ಹಾಕಿ ಉದ್ಘಾಟನೆ ಮಾಡುತ್ತೇವೆ.

ಸಿಂಗಪುರದ ನಿಕೋಲ್ ಹೈವೇ ಕುಸಿತ ಈ ಹಡಗಿನ ಕಥೆಯ ತದ್ರೂಪು. ಅಲ್ಲಿ ನೆಲ ಮೆತ್ತಗಿನ ಸಮುದ್ರದ ಜೇಡಿ. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಮೆಟ್ರೊಗಾಗಿ ಸುಮಾರು 30 ಮೀಟರ್ ಆಳದ ಕಂದಕ ತೋಡಿ, ಎರಡೂ ಬದಿಯ ಗೋಡೆ ಒಳಗೆ ಬೀಳದಂತೆ ಉಕ್ಕಿನ ಅಡ್ಡತೊಲೆಗಳನ್ನು ಕೊಟ್ಟಿದ್ದರು. ಗೋಡೆ ಎಷ್ಟು ಬಾಗುತ್ತಿದೆ ಎಂದು ಅಳೆಯಲು ಉಪಕರಣಗಳಿದ್ದವು, ಇಷ್ಟು ಬಾಗಿದರೆ ಅಪಾಯ ಎಂಬ ಮಿತಿಯಿತ್ತು. ಗೋಡೆ ಆ ಮಿತಿಯನ್ನು ದಾಟಿತು. ಆಗ ಲೆಕ್ಕವನ್ನು ಮತ್ತೆ ಮಾಡಿ ಮಿತಿಯನ್ನೇ ಮೇಲಕ್ಕೆ ಏರಿಸಿದರು, ಕೆಲಸ ಮುಂದುವರಿಯಿತು. 2004ರ ಏಪ್ರಿಲ್ 20ರ ಮಧ್ಯಾಹ್ನ ಕಂದಕವೂ ಅದರ ಪಕ್ಕದ ಹೆದ್ದಾರಿಯೂ ಕುಸಿದು ನಾಲ್ವರು ಸತ್ತರು. ಅವರಲ್ಲಿ ಒಬ್ಬ ಮೇಸ್ತ್ರಿ ತನ್ನ ಕೈಕೆಳಗಿನವರನ್ನು ಮೇಲೆ ಹತ್ತಿಸಿ ತಾನು ಉಳಿದುಹೋದವನು. ವಿಚಾರಣಾ ಸಮಿತಿ ವಿನ್ಯಾಸದ ದೋಷಗಳನ್ನು ಪಟ್ಟಿ ಮಾಡಿತು, ಮುನ್ಸೂಚನೆಗಳನ್ನು ಕಡೆಗಣಿಸಿದ್ದನ್ನೂ ಹೇಳಿತು. ಜ್ವರ 103 ಬಂದಾಗ ಥರ್ಮಾಮೀಟರಿನ ಮೇಲಿನ ಅಂಕಿ ತಿದ್ದಿದ ಹಾಗೆ ಇದು. ನೆಲ ಅಲ್ಲಿ ಮೋಸ ಮಾಡಿರಲಿಲ್ಲ. ಅದು ವಾರಗಟ್ಟಲೆ ತನ್ನ ಸ್ಥಿತಿಯನ್ನು ಅಂಕಿಗಳಲ್ಲಿ ಹೇಳುತ್ತಲೇ ಇತ್ತು.

ಜರ್ಮನಿಯ ಕಲೋನ್‌ನಲ್ಲಿ 2009ರ ಮಾರ್ಚ್ 3ರಂದು ನಗರದ ಪತ್ರಾಗಾರವೇ ಮೆಟ್ರೊ ಕಂದಕದೊಳಕ್ಕೆ ಕುಸಿದು, ಸಾವಿರ ವರ್ಷದ ದಾಖಲೆಗಳು ಮಣ್ಣುಪಾಲಾಗಿ, ಪಕ್ಕದ ಕಟ್ಟಡದ ಇಬ್ಬರು ಯುವಕರು ಸತ್ತರು. ಅಲ್ಲೂ ಮೊದಲು ಬೆರಳು ತೋರಿಸಿದ್ದು ನೆಲದ ಕಡೆ, ನೀರಿನ ಕಡೆ. ವರ್ಷಗಳ ತನಿಖೆಯ ಬಳಿಕ ತಿಳಿದದ್ದು, ನೆಲದೊಳಗೆ ಇಳಿಸಿದ ಕಾಂಕ್ರೀಟು ಗೋಡೆಯ ಒಂದು ಭಾಗ ಕಟ್ಟುವಾಗಲೇ ಕೆಟ್ಟಿತ್ತು, ಆ ಸಂದಿಯಿಂದ ಮರಳೂ ನೀರೂ ಒಳಬಂದವು ಎಂದು. ಕೆಟ್ಟ ಕೆಲಸಕ್ಕೆ ಭೂವಿಜ್ಞಾನದ ಹೆಸರು ಹಚ್ಚುವುದು ಎಷ್ಟು ಸಲೀಸು ಎಂಬುದಕ್ಕೆ ಇಷ್ಟು ಸಾಕು.

ಇದಕ್ಕೆ ಎದುರಾಗಿ ಜಪಾನಿನ ಫುಕುವೋಕ ಇದೆ. 2016ರ ನವೆಂಬರ್ 8ರ ಮುಂಜಾನೆ ಹಕಾತಾ ನಿಲ್ದಾಣದ ಎದುರಿನ ಐದು ಪಥದ ರಸ್ತೆ, ಕೆಳಗೆ ಮೆಟ್ರೊ ಸುರಂಗ ತೋಡುತ್ತಿದ್ದಾಗ, ಸುಮಾರು 30 ಮೀಟರ್ ಅಗಲಕ್ಕೆ 15 ಮೀಟರ್ ಆಳಕ್ಕೆ ಕುಸಿಯಿತು. ಸುರಂಗದ ಮೇಲಿನ ಕಲ್ಲಿನ ಪದರ ತೆಳ್ಳಗಿತ್ತು, ಅದರ ಮೇಲೆ ನೀರು ತುಂಬಿದ ಮರಳು. ಅನಿರೀಕ್ಷಿತ ನೆಲವೇ. ಆದರೆ ಒಬ್ಬರೂ ಸಾಯಲಿಲ್ಲ. ಮೇಲ್ಭಾಗದಿಂದ ನೀರು, ಮಣ್ಣು ಉದುರಲು ತೊಡಗಿದ್ದನ್ನು ಕಂಡ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು, ಕುಸಿಯುವ ಮೊದಲೇ ರಸ್ತೆ ಮುಚ್ಚಿದರು. ಒಂದು ವಾರದಲ್ಲಿ ರಸ್ತೆ ಸರಿಮಾಡಿದ್ದನ್ನು ಜಗತ್ತೆಲ್ಲ ಕೊಂಡಾಡಿತು. ಕೊಂಡಾಡಬೇಕಾದದ್ದು ಆ ವಾರವಲ್ಲ, ಕುಸಿತದ ಹಿಂದಿನ ಆ ಕೆಲವು ನಿಮಿಷಗಳು. ಕೆಲಸ ನಿಲ್ಲಿಸುವ ಅಧಿಕಾರ ಕೆಳಗೆ ಮಣ್ಣಿನ ಎದುರು ನಿಂತವರಿಗೆ ಇತ್ತು. ನಿಲ್ಲಿಸಿದರೆ ಮೇಲಿನವರು ಏನನ್ನುತ್ತಾರೋ ಎಂದು ಯೋಚಿಸುತ್ತಾ ಅವರು ನಿಲ್ಲಲಿಲ್ಲ.

ಮಣ್ಣಿನ ಎಂಜಿನಿಯರಿಂಗಿಗೆ ಶಾಸ್ತ್ರದ ರೂಪ ಕೊಟ್ಟ ಕಾರ್ಲ್ ಟೆರ್ಜಾಗಿ ಮತ್ತು ಅವರ ಜೊತೆಗಾರ ರಾಲ್ಫ್ ಪೆಕ್ ಇದನ್ನು ಒಂದು ವಿಧಾನವಾಗಿಯೇ ಕಟ್ಟಿದರು. ಎಲ್ಲವನ್ನೂ ಮೊದಲೇ ತಿಳಿಯಲಾಗದು ಎಂದು ಒಪ್ಪಿಕೊಂಡು, ಕೆಲಸ ಮಾಡುತ್ತಾ ನೆಲವನ್ನು ಗಮನಿಸುತ್ತಾ ಹೋಗಬೇಕು. ಆದರೆ ಅದಕ್ಕೆ ಒಂದು ಷರತ್ತಿದೆ. ಅತಿ ಕೆಟ್ಟದ್ದು ಕಂಡರೆ ಏನು ಮಾಡಬೇಕೆಂದು ಮೊದಲೇ ನಿರ್ಧರಿಸಿ, ಅದಕ್ಕೆ ಬೇಕಾದ ಸಾಮಗ್ರಿಯನ್ನೂ ಸಮಯವನ್ನೂ ಹಣವನ್ನೂ ತೆಗೆದಿಟ್ಟಿರಬೇಕು. ಷರತ್ತನ್ನು ಬಿಟ್ಟು ವಿಧಾನವನ್ನಷ್ಟೇ ಇಟ್ಟುಕೊಂಡರೆ ಅದು ‘ಆದದ್ದಾಗಲಿ, ನೋಡೋಣ’ ಎಂಬುದಕ್ಕೆ ದೊಡ್ಡ ಹೆಸರು. ಎಷ್ಟೋ ಸಲ ಗಡುವು ಮೊದಲು ಘೋಷಣೆಯಾಗುತ್ತದೆ, ಮಣ್ಣುಪರೀಕ್ಷೆ ಆಮೇಲೆ ಮುಗಿಯುತ್ತದೆ.

ಬೆಂಗಳೂರಿನವರಿಗೆ ಒಂದು ಭ್ರಮೆಯಿದೆ: ನಮ್ಮದು ಗಟ್ಟಿ ನೆಲ, ಕೋಲ್ಕತ್ತದ ಕೆಸರಲ್ಲ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷದ್ದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಹೌದು. ಆದರೆ ಅದೇ ಕಲ್ಲು ಬೇರೆ ಕಡೆ ಲಕ್ಷಾಂತರ ವರ್ಷ ಮಳೆಗೆ ನೆನೆದು ಕೊಳೆತು ಕೆಮ್ಮಣ್ಣಾಗಿದೆ. ಕೊಳೆಯುವುದು ಸಮವಾಗಿ ನಡೆಯುವುದಿಲ್ಲ. ಮಣ್ಣಿನ ನಡುವೆ ಕೊಳೆಯದೆ ಉಳಿದ ಗುಂಡುಬಂಡೆಗಳು, ಹತ್ತು ಹೆಜ್ಜೆಯಲ್ಲೇ ಮೇಲೇಳುವ, ಕೆಳಗಿಳಿಯುವ ಹಾಸುಬಂಡೆ. ಪೂರ್ತಿ ಬಂಡೆಯಾಗಿದ್ದರೆ ಯಂತ್ರ ನಿಧಾನವಾಗಿ ಕೊರೆಯುತ್ತದೆ, ಪೂರ್ತಿ ಮಣ್ಣಾಗಿದ್ದರೆ ಬೇಗ. ಕೆಳಗರ್ಧ ಬಂಡೆ, ಮೇಲರ್ಧ ಮಣ್ಣು ಇದ್ದಾಗಲೇ ಕಷ್ಟ. ಬಂಡೆ ಯಂತ್ರವನ್ನು ತಡೆದು ನಿಲ್ಲಿಸುತ್ತದೆ, ಯಂತ್ರದ ಮುಖ ತಿರುಗುತ್ತಲೇ ಇರುತ್ತದೆ, ಮೇಲಿನ ಸಡಿಲ ಮಣ್ಣು ಬೇಕಾದ್ದಕ್ಕಿಂತ ಹೆಚ್ಚು ಒಳಗೆ ಸುರಿಯುತ್ತದೆ. ಮೊದಲ ಹಂತದಲ್ಲಿ ಚಿಕ್ಕಪೇಟೆ ಮತ್ತು ಮೆಜೆಸ್ಟಿಕ್ ನಡುವೆ ‘ಗೋದಾವರಿ’ ಯಂತ್ರ ಕಟರುಗಳು ಹಾಳಾಗಿ ತಿಂಗಳುಗಟ್ಟಲೆ ತಡವಾದದ್ದು ಪೇಟೆಯವರಿಗೆ ನೆನಪಿರಬಹುದು.

ಹೀಗೆ ಹೆಚ್ಚು ಸುರಿದ ಮಣ್ಣಿನ ಜಾಗದಲ್ಲಿ ಒಂದು ಪೊಳ್ಳು ಉಳಿಯುತ್ತದೆ. ಗ್ರೌಟು ಹಾಕಿ ತುಂಬಿಸಬೇಕು. ತುಂಬದೆ ಉಳಿದರೆ ಆ ಪೊಳ್ಳು ನಿಧಾನವಾಗಿ ಮೇಲಕ್ಕೆ ಸರಿಯುತ್ತದೆ. ಮೇಲಿನ ಮಣ್ಣು ಚೂರುಚೂರಾಗಿ ಕೆಳಗೆ ಬೀಳುತ್ತಾ ಪೊಳ್ಳು ಏರುತ್ತಾ ಬಂದು ಒಂದು ದಿನ ಡಾಂಬರಿನ ಅಡಿಗೆ ತಲುಪುತ್ತದೆ. ಅಷ್ಟರಲ್ಲಿ ಯಂತ್ರ ಮುಂದೆ ಹೋಗಿರುತ್ತದೆ, ಕೆಲವೊಮ್ಮೆ ಗುತ್ತಿಗೆದಾರನೂ. ಕಾರಣಕ್ಕೂ ಪರಿಣಾಮಕ್ಕೂ ನಡುವೆ ಇಷ್ಟು ಕಾಲ ಸರಿದರೆ ‘ಇದು ನಮ್ಮಿಂದಲ್ಲ, ಜಲಮಂಡಳಿಯ ಪೈಪು ಸೋರಿದ್ದು’ ಎನ್ನುವುದೂ ಸುಲಭ, ಕೆಲವೊಮ್ಮೆ ಅದು ನಿಜವೂ ಆಗಿರುತ್ತದೆ. 2023ರ ಜನವರಿ 12ರಂದು ಬ್ರಿಗೇಡ್ ರಸ್ತೆಯ ಕೊನೆಯಲ್ಲಿ, ಮೆಟ್ರೊ ಸುರಂಗ ಮಾರ್ಗದ ಮೇಲೆ ರಸ್ತೆ ಬಾಯ್ಬಿಟ್ಟು ಬೈಕಿನಲ್ಲಿ ಹೋಗುತ್ತಿದ್ದವರೊಬ್ಬರು ಬಿದ್ದರು. ಸಣ್ಣಪುಟ್ಟ ಗಾಯದಲ್ಲಿ ಮುಗಿಯಿತು. ದಿನವೂ ಸಾವಿರಾರು ವಾಹನ ಓಡಾಡುವ ರಸ್ತೆ ಅದು.

ಇನ್ನು ಬಾವಿಗಳು. ಬೆಂಗಳೂರಿನ ಹಳೆ ಬಡಾವಣೆಗಳಲ್ಲಿ ನಲ್ಲಿ ಬರುವ ಮೊದಲು ಹಿತ್ತಲಿಗೊಂದು ಬಾವಿ. ನಲ್ಲಿ ಬಂದ ಮೇಲೆ ಕಸ, ಕಟ್ಟಡದ ಅವಶೇಷ ಸುರಿದು ಮೇಲೊಂದು ಚಪ್ಪಡಿ ಹಾಸಿ ಮುಚ್ಚಿದರು, ಅದರ ಮೇಲೆ ಕೋಣೆ ಕಟ್ಟಿದರು. ಯಾವ ನಕ್ಷೆಯಲ್ಲೂ ಅವಿಲ್ಲ. ಬತ್ತಿದ ಕೊಳವೆಬಾವಿಗಳದ್ದೂ ಅದೇ ಪಾಡು. ಯಂತ್ರ ಒತ್ತಡದಲ್ಲಿ ಮಣ್ಣನ್ನು ಹಿಡಿದಿಟ್ಟುಕೊಂಡು ಸಾಗುವಾಗ ಇಂಥ ಒಂದು ತೂತು ಸಿಕ್ಕರೆ ಒತ್ತಡವೆಲ್ಲ ಅಲ್ಲಿಂದ ಬಿಟ್ಟುಹೋಗುತ್ತದೆ. ಕೆರೆಗಳದ್ದೂ ಹೇಳಬೇಕು: ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯಂಗಳ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಂಗಳ.

ಬಾವಿ ಎಲ್ಲಿತ್ತು ಎಂಬುದು ಭೂವಿಜ್ಞಾನದ ಯಾವ ವರದಿಯಲ್ಲೂ ಇಲ್ಲದಿದ್ದರೂ ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ. ಆ ಬೀದಿಯ ಎಂಬತ್ತು ವರ್ಷದ ಅಜ್ಜಿಗೆ ಗೊತ್ತಿರುತ್ತದೆ. ಯಾವ ಮನೆಯ ನೀರು ಸಿಹಿ, ಯಾವುದು ಸಪ್ಪೆ ಎಂಬುದೂ ನೆನಪಿರುತ್ತದೆ. ಹಾಗಾಗಿ ‘ಯಾರಿಗೂ ಗೊತ್ತಿರಲಿಲ್ಲ’ ಎನ್ನುವಾಗ ಆ ‘ಯಾರೂ’ ಎಂಬ ಪದದೊಳಗೆ ಯಾರನ್ನು ಸೇರಿಸಿಕೊಂಡಿಲ್ಲ ಎಂದು ಕೇಳಬೇಕು. ತೂತು ಕೊರೆದು ತಿಳಿಯುವುದಕ್ಕೆ ಕೋಟಿಗಟ್ಟಲೆ ಖರ್ಚು ಮಾಡುವವರು, ಬಾಗಿಲು ತಟ್ಟಿ ಕೇಳಿ ತಿಳಿಯುವುದನ್ನು ತಿಳಿವಳಿಕೆ ಎಂದೇ ಎಣಿಸದಿದ್ದರೆ ಆ ಅಜ್ಞಾನ ಸಂಪಾದಿಸಿಕೊಂಡದ್ದು. ಮನೆಯವರ ಕಡೆಯಿಂದಲೂ ಒಂದು ಮಾತಿದೆ. ಬಾವಿಯ ವಿಷಯ ಹೇಳಿದರೆ ಎಲ್ಲಿ ಮನೆ ಬಿಡಿಸುತ್ತಾರೋ, ಅಳತೆಗೆ ಬಂದವರು ಇನ್ನೇನು ಬರೆದುಕೊಳ್ಳುತ್ತಾರೋ ಎಂದು ಬಾಯಿ ಮುಚ್ಚಿಕೊಳ್ಳುವವರಿದ್ದಾರೆ. ಅವರನ್ನು ದೂರುವ ಮೊದಲು, ಸರ್ಕಾರಿ ಕಾಗದವೊಂದು ಮನೆಗೆ ಬಂದರೆ ಒಳ್ಳೆಯದಾಗುತ್ತದೆಂಬ ಅನುಭವ ಅವರಿಗೆ ಎಷ್ಟಿದೆ ಎಂದು ನೋಡಬೇಕು.

ನಾನು ಸುರಂಗದ ವಿರೋಧಿಯಲ್ಲ. ರಸ್ತೆಯಲ್ಲಿ ಹೊಗೆ ಕುಡಿಯುತ್ತಾ ಎರಡು ಗಂಟೆ ನಿಲ್ಲುವುದೂ ಒಂದು ಹಾನಿ, ರಸ್ತೆ ಅಪಘಾತಗಳ ಎದುರು ಸುರಂಗ ಕುಸಿತದ ಸಾವುಗಳು ಬೆರಳೆಣಿಕೆ. ಒಟ್ಟು ಲೆಕ್ಕದಲ್ಲಿ ಮೆಟ್ರೊ ಜೀವ ಉಳಿಸುತ್ತದೆ ಎಂದು ವಾದಿಸಬಹುದು, ನಾನು ಒಪ್ಪುತ್ತೇನೆ. ಆದರೆ ಒಟ್ಟು ಲೆಕ್ಕದಲ್ಲಿ ಉಳಿಯುವವರು ಒಬ್ಬರು, ಕಳೆದುಕೊಳ್ಳುವವರು ಇನ್ನೊಬ್ಬರು. ಬೌಬಜಾರಿನಲ್ಲಿ ಇದು ಇನ್ನೂ ಚುಚ್ಚುತ್ತದೆ. ಮೊದಲ ನಕ್ಷೆಯಲ್ಲಿ ಆ ಮಾರ್ಗ ಸೆಂಟ್ರಲ್ ನಿಲ್ದಾಣದ ಕಡೆಗೆ ನೇರ ಹೋಗಬೇಕಿತ್ತು. ಜನರನ್ನು ಎಬ್ಬಿಸುವ ತೊಡಕು, ರಾಜ್ಯ ಸರ್ಕಾರದ ಒತ್ತಾಯ ಎಲ್ಲ ಸೇರಿ ಅದನ್ನು ಎಸ್‌ಪ್ಲನೇಡ್ ಕಡೆಗೆ ತಿರುಗಿಸಲಾಯಿತು. ಹೊಸ ದಾರಿ ಈ ಓಣಿಗಳ ಕೆಳಗೆ ಬಂತು. ಮರಳು, ನೀರು ಅಲ್ಲಿದ್ದದ್ದು ಪ್ರಕೃತಿಯಿಂದ. ಯಂತ್ರ ಅಲ್ಲಿಗೆ ಬಂದದ್ದು ಒಂದು ಸಭೆಯ ತೀರ್ಮಾನದಿಂದ. ಆ ಸಭೆಯಲ್ಲಿ ಓಣಿಯವರು ಕೂತಿರಲಿಲ್ಲ.

ನಿಲ್ದಾಣಕ್ಕೆ ಜಾಗ ಬಿಟ್ಟುಕೊಡಬೇಕಾದವನಿಗೆ ನೋಟಿಸಾದರೂ ಬರುತ್ತದೆ, ಆಕ್ಷೇಪ ಹೇಳಬಹುದು, ಬೆಲೆ ಕೇಳಬಹುದು. ಸುರಂಗದ ಮೇಲಿರುವವನಿಂದ ಯಾರೂ ಏನೂ ತೆಗೆದುಕೊಂಡಿಲ್ಲ ಎಂದೇ ಲೆಕ್ಕ. ಒಂದು ದಿನ ಯಾರೋ ಬಂದು ಗೋಡೆಯ ಬಿರುಕುಗಳ ಫೋಟೊ ತೆಗೆದು, ಅಳತೆ ಪಟ್ಟಿ ಅಂಟಿಸಿ ಹೋಗುತ್ತಾರೆ. ಮೊದಲಿದ್ದ ಬಿರುಕಿಗೆ ನಾವು ಹೊಣೆಯಲ್ಲ ಎನ್ನಲು ಆ ಫೋಟೊ ಮುಂದೆ ಉಪಯೋಗಕ್ಕೆ ಬರುತ್ತದೆ. ಅವನಿಂದ ನಿಜವಾಗಿ ತೆಗೆದುಕೊಂಡದ್ದು ರಾತ್ರಿ ನಿಶ್ಚಿಂತೆಯಿಂದ ಮಲಗುವ ಸ್ಥಿತಿಯನ್ನು. ಅದಕ್ಕೆ ದರಪಟ್ಟಿ ಇಲ್ಲ. ಆ ಮನೆ ಬಿದ್ದರೆ ಮಾತ್ರ ಪರಿಹಾರ. ಬೀಳುವುದೋ ಏನೋ ಎಂದು ಎರಡು ವರ್ಷ ಕಾದದ್ದಕ್ಕೆ ಏನೂ ಇಲ್ಲ. ಬಾಡಿಗೆಯ ಕೋಣೆಯಲ್ಲಿ ಒಲೆ, ಅಡಿಗಲ್ಲು ಇಟ್ಟುಕೊಂಡು ಚಿನ್ನದ ಕೆಲಸ ಮಾಡುವವನಿಗೆ ಗೋಡೆಯ ಬೆಲೆಯಲ್ಲಿ ಪಾಲಿಲ್ಲ, ಗಿರಾಕಿ ತಪ್ಪಿದ ನಷ್ಟ ಮಾತ್ರ ಪೂರ್ತಿ ಅವನದೇ.

ಗೊತ್ತಿಲ್ಲದ ನೆಲದ ಅಪಾಯವನ್ನು ಯಾರಾದರೂ ಹೊರಲೇಬೇಕು. ಗುತ್ತಿಗೆದಾರ ಹೊರಬೇಕೋ ಮೆಟ್ರೊ ನಿಗಮ ಹೊರಬೇಕೋ ಎಂಬುದಕ್ಕೆ ಒಪ್ಪಂದದಲ್ಲಿ ಪುಟಗಟ್ಟಲೆ ಷರತ್ತುಗಳಿರುತ್ತವೆ, ಜಗಳವಾದರೆ ಪಂಚಾಯ್ತಿಗೆ ವ್ಯವಸ್ಥೆಯೂ ಇರುತ್ತದೆ. ಮೂರನೆಯವರಾದ ಮೇಲಿನವರು ಆ ಒಪ್ಪಂದದಲ್ಲಿ ಪಕ್ಷಗಾರರೇ ಅಲ್ಲ. ತಪ್ಪು ಯಾರದೆಂದು ಸಾಬೀತಾಗುವವರೆಗೆ ಅವರು ಕಾಯಬೇಕೆನ್ನುವುದು ನನಗೆ ಅನ್ಯಾಯವೆನಿಸುತ್ತದೆ. ನೆಲ ಅನಿರೀಕ್ಷಿತವಾಗಿತ್ತೋ ಕೆಲಸ ಕೆಟ್ಟದಾಗಿತ್ತೋ ಎಂಬುದು ಎಂಜಿನಿಯರರಿಗೂ ಕೋರ್ಟಿಗೂ ಬಿಟ್ಟ ಪ್ರಶ್ನೆ. ಗೋಡೆ ಬಿರಿದವನ ಮಟ್ಟಿಗೆ ಎರಡೂ ಒಂದೇ. ರೈಲಿನಿಂದ ಲಾಭ ಪಡೆಯುವ ಊರು ಕಾರಣ ಕೇಳದೆ ಅವನ ಮನೆ ಕಟ್ಟಿಕೊಡಬೇಕು, ಆಮೇಲೆ ಬೇಕಾದವರಿಂದ ವಸೂಲಿ ಮಾಡಿಕೊಳ್ಳಲಿ. ಪ್ರತಿ ಟಿಕೆಟಿನ ಮೇಲೆ ಕೆಲವು ಪೈಸೆ ಅದಕ್ಕೆಂದೇ ಎತ್ತಿಟ್ಟರೆ ಪ್ರಯಾಣಿಕರು ಗೊಣಗಲಾರರು.

ಕೋಲ್ಕತ್ತದ ಆ ಮಾರ್ಗ 2025ರ ಆಗಸ್ಟಿನಲ್ಲಿ ಪೂರ್ತಿಯಾಗಿ ತೆರೆಯಿತು, ಬೌಬಜಾರಿನ ಕೆಳಗೆ ಈಗ ರೈಲು ಓಡುತ್ತಿದೆ. ಬೆಂಗಳೂರಿನ ಗುಲಾಬಿ ಮಾರ್ಗದ ಸುರಂಗಗಳನ್ನು ಒಂಬತ್ತು ಯಂತ್ರಗಳು ಕೊರೆದವು, ಕೊನೆಯದು ‘ಭದ್ರಾ’ 2024ರ ಅಕ್ಟೋಬರಿನಲ್ಲಿ ಹೊರಬಂತು. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಕಾರುಗಳಿಗಾಗಿ ಸುರಂಗ ರಸ್ತೆಯ ಮಾತು ನಡೆದಿದೆ, ಲಾಲ್‌ಬಾಗಿನ ಬಂಡೆಯ ಹತ್ತಿರ ಅದರ ಬಾಯಿ ತೆರೆಯುವುದೋ ಬೇಡವೋ ಎಂಬ ವಾದವೂ. ಎಲ್ಲ ಸುರಂಗಗಳ ಮೇಲೂ ನೆಲ ಎಷ್ಟು ಮಿಲಿಮೀಟರ್ ಕುಗ್ಗಿತು ಎಂದು ಅಳೆಯುವ ಗುರುತುಗಳನ್ನು ರಸ್ತೆಯಲ್ಲಿ, ಗೋಡೆಗಳಲ್ಲಿ ನೆಟ್ಟಿರುತ್ತಾರೆ. ಯಂತ್ರ ಕೆಳಗೆ ಹಾಯುವಾಗ ದಿನಕ್ಕೆ ಹಲವು ಸಲ ಅಳೆಯುತ್ತಾರೆ. ಆ ಅಂಕಿಗಳು ಗುತ್ತಿಗೆದಾರನಿಗೆ ಹೋಗುತ್ತವೆ, ನಿಗಮಕ್ಕೆ ಹೋಗುತ್ತವೆ, ಸಲಹೆಗಾರರಿಗೆ ಹೋಗುತ್ತವೆ. ಅದೇ ಸಂಜೆ ಅವನ್ನು ಬೀದಿಯ ಮೂಲೆಯ ಹಾಲಿನ ಬೂತಿನ ಗೋಡೆಗೆ, ಕನ್ನಡದಲ್ಲಿ, ಮಿತಿ ಎಷ್ಟು ಇಂದಿನದೆಷ್ಟು ಎಂದು ಬರೆದು ಅಂಟಿಸಲು ಒಂದು ಹಾಳೆ ಕಾಗದ ಸಾಕು.